ಹೆಸರಿಲ್ಲದ ಚೀಟಿ

ಮೈಸೂರಿನ ಸಂತೇಪೇಟೆಯಲ್ಲಿ ನಮ್ಮದೊಂದು ಗ್ರಂಧಿಗೆ ಅಂಗಡಿ. ತಾತ ಇಟ್ಟದ್ದು, ಅಪ್ಪ ಬೆಳೆಸಿದ್ದು, ನಾನು ಮುಚ್ಚದೆ ಉಳಿಸಿಕೊಂಡದ್ದು. ಅಳಲೆಕಾಯಿ, ಹಿಪ್ಪಲಿ, ಸೊಗದೆ ಬೇರು, ಮಂಜಿಷ್ಠ, ರಾಳ, ಜೇನುಮೇಣ ಎಲ್ಲ ಒಟ್ಟಿಗೆ ಸೇರಿ ಒಂದು ವಾಸನೆ ಹುಟ್ಟುತ್ತದಲ್ಲ, ನನ್ನ ಬಟ್ಟೆಗೆ ಅದು ಹತ್ತಿ ಅರವತ್ತು ವರ್ಷವಾಯಿತು. ಗಲ್ಲಾಪೆಟ್ಟಿಗೆಯ ಹಿಂದೆ ಗೋಡೆಗೆ ಬಡಿದ ಕಬ್ಬಿಣದ ಕೊಂಡಿಯಿದೆ. ವೈದ್ಯರು ಬರೆದುಕೊಟ್ಟ ಚೀಟಿಯನ್ನು ಸಾಮಾನು ಕಟ್ಟಿಕೊಟ್ಟ ಮೇಲೆ ಅಪ್ಪ ಅದಕ್ಕೆ ಚುಚ್ಚುತ್ತಿದ್ದರು. ಯಾರಾದರೂ ಮತ್ತೆ ಬಂದು "ಹೋದ ಸಲ ಕೊಟ್ಟದ್ದೇ ಕೊಡಿ ಶೆಟ್ರೆ" ಅಂದರೆ ತೆಗೆದು ನೋಡಲು. ಕೊಂಡಿ ತುಂಬಿದಾಗ ದಾರ ಕಟ್ಟಿ ಅಟ್ಟಕ್ಕೆ ಹಾಕುತ್ತಿದ್ದರು.

ಆ ಚೀಟಿಗಳಿಗೆ ಒಂದು ಕ್ರಮವಿತ್ತು. ನೆತ್ತಿಯ ಮೇಲೆ ಶ್ರೀಕಾರ, ಕೆಳಗೆ ರೋಗಿಯ ಹೆಸರು, ವಯಸ್ಸು, ಅದರ ಕೆಳಗೆ ರೋಗ, ಆಮೇಲೆ ಮೂಲಿಕೆಗಳ ಪಟ್ಟಿ, ತೂಕ. ರೋಗ ಎಂಬಲ್ಲಿ ಸಂಧಿವಾತ, ಪಾಂಡು, ಗ್ರಹಣಿ, ಕಾಸ ಹೀಗೆ ಏನಾದರೊಂದು ಇದ್ದೇ ಇರುತ್ತಿತ್ತು. 1989ರ ಕಟ್ಟಿನಲ್ಲಿ ಮಾತ್ರ ಒಂದು ಚೀಟಿಯಲ್ಲಿ ಆ ಜಾಗದಲ್ಲಿ ಬರೀ ಅಡ್ಡಗೆರೆ. ರೋಗಿಯ ಹೆಸರು ನನ್ನ ತಂಗಿಯದು. ಚೀಟಿ ಬರೆದವರು ನಮ್ಮ ಅಂಗಡಿಯ ಹಳೆಯ ಗಿರಾಕಿ, ನಾವೆಲ್ಲ ಪಂಡಿತರು ಎಂದೇ ಕರೆಯುತ್ತಿದ್ದ ಹಿರಿಯ ವೈದ್ಯರು.

ತಂಗಿ ಆಗ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಮೂವತ್ತನಾಲ್ಕು ವರ್ಷ. ರೋಗವನ್ನು ಮೊದಲು ಕಂಡುಹಿಡಿದವರು ಅವಳ ಹುಡುಗರೇ. ಬೋರ್ಡಿನ ನೆತ್ತಿಯಿಂದ ಲೆಕ್ಕ ಶುರು ಮಾಡುತ್ತಿದ್ದವಳು ಸಂಕ್ರಾಂತಿ ಕಳೆದ ಮೇಲೆ ನಡುವಿನಿಂದ, ಶಿವರಾತ್ರಿಯ ಹೊತ್ತಿಗೆ ಕೆಳಗಿನಿಂದ ಬರೆಯಲು ಶುರುಮಾಡಿದಳು. ಕೈ ಮೇಲಕ್ಕೆ ಏಳುತ್ತಿರಲಿಲ್ಲ. ಜಡೆ ಹಾಕಿಕೊಳ್ಳಲು ಅಮ್ಮನೇ ಬೇಕು. ದೇವರ ಮುಂದೆ ಕೂತರೆ ನೆಲಕ್ಕೆ ಕೈಯೂರಿ, ಬಾಗಿಲ ದಾರಂದ ಹಿಡಿದು ಏಳಬೇಕು. ಬೆರಳ ಗೆಣ್ಣುಗಳ ಮೇಲೆ ಕೆಂಪು ಗಂಟುಗಳು. ಕಣ್ಣಿನ ರೆಪ್ಪೆ ನೇರಳೆ ಹಣ್ಣು ತಿಂದ ನಾಲಗೆಯ ಬಣ್ಣ. ಬಿಸಿಲಿಗೆ ಹೋದರೆ ಕೊರಳು, ಎದೆ ಕೆಂಪೇರುತ್ತಿತ್ತು. ನೋವು ಅಷ್ಟಿಲ್ಲ, ಶಕ್ತಿಯೇ ಇಲ್ಲ.

"ವಾತ ಕಣೋ, ಪಂಡಿತರಿಗೆ ಹೇಳಿಕಳಿಸು" ಅಂದರು ಅಪ್ಪ. ಗ್ರಂಧಿಗೆ ಅಂಗಡಿಯವರ ಮನೆಯಲ್ಲಿ ಬೇರೆ ಮಾತು ಬರುವುದು ಹೇಗೆ?

ಪಂಡಿತರು ಓದಿದ್ದು ನಮ್ಮೂರಿನ ಆಯುರ್ವೇದ ಕಾಲೇಜಿನಲ್ಲೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1908ರಲ್ಲಿ ಶುರುವಾದ ಸಂಸ್ಥೆ ಅದು. ದೇಶದ ಹಳೆಯ ಸರ್ಕಾರಿ ಆಯುರ್ವೇದ ಶಾಲೆಗಳಲ್ಲಿ ಒಂದು. ಚರಕ, ವಾಗ್ಭಟರನ್ನು ಬಾಯಿಪಾಠ ಮಾಡಿಕೊಂಡೇ ಹೆಣ ಕೊಯ್ಯುವ ಪಾಠವನ್ನೂ ಕಲಿತವರು. ಅವರು ಬಂದು ನಾಡಿ ಹಿಡಿದರು, ತಂಗಿಯನ್ನು ಕೂರಿಸಿ ಏಳಿಸಿದರು, ತೋಳು ಎತ್ತಿಸಿದರು, ರೆಪ್ಪೆಯನ್ನು ಬೆಳಕಿಗೆ ಹಿಡಿದು ನೋಡಿದರು. ಬಹಳ ಹೊತ್ತು ಮಾತಿಲ್ಲ. ಆಮೇಲೆ ಬೆರಳು ಮಡಿಸುತ್ತ ತಮಗೆ ತಾವೇ ಹೇಳಿಕೊಂಡಂತೆ ಹೇಳಿದರು.

ವಾತರಕ್ತ ಅನ್ನೋಣವೆಂದರೆ, ಚರಕನ ಚಿಕಿತ್ಸಾಸ್ಥಾನದಲ್ಲಿ ಅದಕ್ಕೊಂದು ಇಡೀ ಅಧ್ಯಾಯವಿದೆ. ಚರ್ಮ ಮಾಂಸದಲ್ಲಿ ನಿಂತದ್ದು ಉತ್ತಾನ, ಒಳಕ್ಕಿಳಿದದ್ದು ಗಂಭೀರ ಎಂದು ಎರಡು ಬಗೆ. ಚರ್ಮದ ಬಣ್ಣ ಕೆಡುವುದೂ ಇದೆ. ಆದರೆ ವಾತರಕ್ತ ಶುರುವಾಗುವುದು ಕೈಕಾಲಿನ ತುದಿಯಿಂದ, ಬೆರಳ ಸಂದಿಯಿಂದ. ಇಲಿಯ ವಿಷ ಏರುವ ಹಾಗೆ ಮೆಲ್ಲಗೆ ಮೇಲೇರುತ್ತದೆ. ಇದು ತಿರುಗುಮುರುಗು. ಇವಳಿಗೆ ಬೆರಳ ಬಲ ಇದೆ, ಸೀಮೆಸುಣ್ಣ ಹಿಡಿಯುತ್ತಾಳೆ. ಹೆಗಲು, ತೊಡೆ ಹೋಗಿವೆ. ಮಾಂಸಗತ ವಾತ ಎಂದರೆ ಮೈ ಭಾರ, ದೊಣ್ಣೆಯಲ್ಲಿ, ಮುಷ್ಟಿಯಲ್ಲಿ ಬಡಿಸಿಕೊಂಡಂಥ ನೋವು, ದಣಿವು. ಅಷ್ಟು ಸರಿ, ಆದರೆ ರೆಪ್ಪೆಯ ಬಣ್ಣಕ್ಕೆ ಅಲ್ಲಿ ಉತ್ತರವಿಲ್ಲ. ಕುಷ್ಠ ಎಂದು ಶಾಸ್ತ್ರ ಕರೆಯುವ ಚರ್ಮರೋಗಗಳ ಸಾಲಿಗೆ ಹಾಕೋಣವೆಂದರೆ ನೆಲದಿಂದ ಏಳಲಾಗದ್ದನ್ನು ಎಲ್ಲಿ ಇಡುವುದು? ಮೂರು ಹೆಸರು, ಮೂರೂ ಒಂದೊಂದು ತೋಳಿಗೆ ಮಾತ್ರ ಆಗುವ ಅಂಗಿ.

"ಹೆಸರು ಗೊತ್ತಾಗಲಿಲ್ಲಪ್ಪ. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗು. ನಾಳೆ ಅಲ್ಲ, ಇವತ್ತೇ" ಅಂದರು. ಅಪ್ಪನ ಮುಖ ಸಣ್ಣದಾಯಿತು. ಅದನ್ನು ಕಂಡು ಪಂಡಿತರು ನಕ್ಕರು. ಎಲ್ಲ ರೋಗಕ್ಕೂ ಗೊತ್ತಾದ ಹೆಸರಿರುವುದಿಲ್ಲ, ಹೆಸರು ಹೇಳಲಾಗಲಿಲ್ಲವೆಂದು ವೈದ್ಯ ನಾಚಬೇಕಿಲ್ಲ ಎಂದು ಚರಕನೇ ಸೂತ್ರಸ್ಥಾನದಲ್ಲಿ ಹೇಳಿದ್ದಾನಂತೆ. ಕೆಟ್ಟಿರುವುದು ಏನು, ಅದು ಎಲ್ಲಿ ಕೂತಿದೆ, ಎಬ್ಬಿಸಿದ್ದು ಯಾವುದು, ಈ ಮೂರನ್ನು ನೋಡಿ ಕೈ ಹಾಕು ಅನ್ನುತ್ತಾನಂತೆ. "ಮೂರನೆಯದು ನನಗೆ ಕಾಣ್ತಾ ಇಲ್ಲ. ಅದಕ್ಕೇ ಕೈ ಹಾಕ್ತಾ ಇಲ್ಲ" ಎಂದು ಎದ್ದರು.

ಅವತ್ತು ನನಗದು ಸೋಲಿನ ಮಾತಾಗಿ ಕೇಳಿತು. ಆಮೇಲೆ ವರ್ಷಗಟ್ಟಲೆ ಅಂಗಡಿಯಲ್ಲಿ ಅವರೊಂದಿಗೆ ಕೂತು ಕೇಳಿದ ಮೇಲೆ ತಿಳಿಯಿತು, ನಮ್ಮ ವೈದ್ಯದ ಚರಿತ್ರೆಯಲ್ಲಿ ಹೆಸರೆಂಬುದು ಕಲ್ಲಿನ ಮೇಲೆ ಕೊರೆದದ್ದಾಗಿರಲಿಲ್ಲ. ಈಗ ಮನೆಮನೆಯ ಮಾತಾಗಿರುವ ಆಮವಾತವನ್ನೇ ನೋಡಿ. ಚರಕ, ಸುಶ್ರುತರಲ್ಲಿ ಅದಕ್ಕೆ ಪ್ರತ್ಯೇಕ ಅಧ್ಯಾಯವಿಲ್ಲ. ಸುಮಾರು 7ನೆಯ ಶತಮಾನದ ಮಾಧವಕರ ತನ್ನ ನಿದಾನ ಗ್ರಂಥದಲ್ಲಿ ಅದನ್ನು ಬೇರೆ ರೋಗವೆಂದು ಎತ್ತಿ ಕೂರಿಸಿದ. ಸಂದಿ ಸಂದಿಯಲ್ಲಿ ಊತ, ಚೇಳು ಕುಟುಕಿದಂಥ ನೋವು ಇರುವ ಜನ ಅವನಿಗೆ ಮುಂಚೆಯೂ ಇದ್ದಿರಬೇಕು. ಅವರನ್ನು ವಾತದ ಗುಂಪಿನಿಂದ ಬಿಡಿಸಿ ನೋಡಿದವನು ಅವನು. ಮುನ್ನೂರು ನಾನೂರು ವರ್ಷ ಕಳೆದ ಮೇಲೆ ಚಕ್ರಪಾಣಿದತ್ತ ತನ್ನ ಗ್ರಂಥದಲ್ಲಿ ಅದಕ್ಕೆ ಚಿಕಿತ್ಸೆ ಬರೆದ.

ಇನ್ನೊಂದು ಸಾಕ್ಷಿ ನಮ್ಮ ಅಂಗಡಿಯ ಡಬ್ಬಿಯಲ್ಲೇ ಇದೆ. ಪರಂಗಿ ಚಕ್ಕೆ. ಅದು ಚೀನಾ ಕಡೆಯಿಂದ ಬಂದ ಬೇರು. ಪೋರ್ಚುಗೀಸರ ಹಡಗಿನ ಜೊತೆ ಈ ನೆಲಕ್ಕೊಂದು ಹೊಸ ಗುಹ್ಯರೋಗ ಇಳಿಯಿತು. ಜನ ಪರಂಗಿ ಹುಣ್ಣು ಅಂದರು. 16ನೆಯ ಶತಮಾನದ ಭಾವಮಿಶ್ರ ಹಳೆಯ ಶ್ಲೋಕಗಳಲ್ಲಿ ಅದಕ್ಕೊಂದು ಮೂಲೆ ಹುಡುಕುತ್ತ ಕೂರಲಿಲ್ಲ. ಫಿರಂಗಿಗಳಿಂದ ಬಂದದ್ದು, ಆದ್ದರಿಂದ ಫಿರಂಗ ರೋಗ ಎಂದು ಹೊಸದಾಗಿ ಬರೆದ. ಮದ್ದೂ ಹೊಸದೇ, ಅದೇ ಹಡಗಿನ ದಾರಿಯಲ್ಲಿ ಬಂದ ಈ ಚಕ್ಕೆ. ಹೊಸ ರೋಗ ಕಂಡಾಗ ಹೊಸ ಹೆಸರಿಡುವ ಧೈರ್ಯ ನಾನೂರೈವತ್ತು ವರ್ಷದ ಹಿಂದೆ ನಮ್ಮವರಿಗಿತ್ತು. ಅದು ಕುಂದಿದ್ದು ಆಮೇಲೆ. ಪಂಡಿತರು ತಮ್ಮ ವಿದ್ಯಾರ್ಥಿ ದೆಸೆಯ ನೋಟ್‌ಬುಕ್ಕನ್ನು ಒಮ್ಮೆ ತೋರಿಸಿದ್ದರು. ನಡುವೆ ಗೆರೆ, ಎಡಕ್ಕೆ ಇಂಗ್ಲಿಷ್ ರೋಗ, ಬಲಕ್ಕೆ ಸಂಸ್ಕೃತ ರೋಗ. ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತು ಎಂದು ತೋರಿಸಬೇಕಾದ ಕಾಲ ಅದು. ಬಲಗಡೆ ಒಂದೂ ಸಾಲು ಖಾಲಿ ಬಿಡುವಂತಿರಲಿಲ್ಲ. "ಇಲ್ಲಿಂದಲೇ ಶುರುವಾಯ್ತು ನೋಡು ಹಾಳು" ಎಂದು ಆ ನಡುಗೆರೆಯ ಮೇಲೆ ಬೆರಳಿಟ್ಟಿದ್ದರು.

ದೊಡ್ಡಾಸ್ಪತ್ರೆಯಲ್ಲಿ ರಕ್ತ ತೆಗೆದರು. ಮಾಂಸ ಕರಗಿದಾಗ ರಕ್ತಕ್ಕೆ ಸೋರುವ ಸಿಪಿಕೆ ಎಂಬ ಕಿಣ್ವ ಎಷ್ಟೋ ಪಟ್ಟು ಏರಿತ್ತು. ತೊಡೆಯಿಂದ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಒಳಗೆಲ್ಲಾದರೂ ಕ್ಯಾನ್ಸರ್ ಅಡಗಿದೆಯೇ ಎಂದು ಹೊಟ್ಟೆ, ಎದೆಯನ್ನೂ ಜಾಲಾಡಿದರು. ದೊಡ್ಡವರಲ್ಲಿ ಈ ರೋಗದ ಬೆನ್ನಿಗೆ ಅದೂ ಇರುವುದುಂಟು. ಇವಳಿಗೆ ಇರಲಿಲ್ಲ. ವಾರದ ಮೇಲೆ ಡಾಕ್ಟರು ಹೆಸರು ಹೇಳಿದರು, ಡರ್ಮಟೋಮಯೋಸೈಟಿಸ್. ಮೈ ಕಾಯಬೇಕಾದ ಪಡೆ ಮೈಯ ಮೇಲೇ ತಿರುಗಿಬೀಳುವ ಜಾತಿಯ ರೋಗ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ನಮಗೆ ಬೇಗ ಅರ್ಥವಾಯಿತು.

ನಾನು ಆ ಹೆಸರನ್ನು ಕಾಗದದಲ್ಲಿ ಬರೆಸಿಕೊಂಡು ಪಂಡಿತರಿಗೆ ಕೊಟ್ಟೆ. ಅವರು ಬಿಡಿಸಿ ಓದಿದರು: ಡರ್ಮ ಎಂದರೆ ಚರ್ಮ, ಮಯೋ ಎಂದರೆ ಮಾಂಸ, ಐಟಿಸ್ ಎಂದರೆ ಉರಿಯೂತ. "ಕಣ್ಣಿಗೆ ಕಂಡದ್ದನ್ನೇ ಗ್ರೀಕಿನಲ್ಲಿ ಹೇಳಿದ್ದಾರೆ. ಕಾರಣ ಇವರಿಗೂ ಕಾಣಿಸಿಲ್ಲ" ಅಂದರು. ಅವರ ಮಾತು ಎಷ್ಟು ನಿಜ ಎಂದು ಆ ಹೆಸರಿನ ಚರಿತ್ರೆ ಓದಿದಾಗ ಗೊತ್ತಾಯಿತು. 1863ರಲ್ಲಿ ಜರ್ಮನಿಯ ವಾಗ್ನರ್ ಎಂಬ ವೈದ್ಯ ಇಂಥದೊಂದು ರೋಗವನ್ನು ಮೊದಲು ವರ್ಣಿಸಿದಾಗ ತಲೆಬರಹದಲ್ಲಿ ಇಟ್ಟದ್ದು ಅಪರೂಪದ ಸ್ನಾಯುರೋಗದ ಒಂದು ಪ್ರಕರಣ ಎಂದಷ್ಟೇ. ಅವನ ಚೀಟಿಯಲ್ಲೂ ಅಡ್ಡಗೆರೆಯೇ. 1891ರಲ್ಲಿ ಉನ್‌ವೆರಿಖ್ಟ್ ಎಂಬಾತ ಡರ್ಮಟೋಮಯೋಸೈಟಿಸ್ ಎಂಬ ಹೆಸರಿಟ್ಟ. ಗೆಣ್ಣಿನ ಮೇಲಿನ ಗಂಟಿಗೆ ಗಾಟ್ರನ್ ಎಂಬ ಜರ್ಮನ್ ಚರ್ಮವೈದ್ಯನ ಹೆಸರು ಅಂಟಿತು. ರೆಪ್ಪೆಯ ನೇರಳೆಗೆ ಹೀಲಿಯೋಟ್ರೋಪ್ ಎಂಬ ಹೂವಿನ ಹೆಸರು. ಹೆಸರಿನ ಮೇಲೆ ಹೆಸರು. ಮದ್ದು ಮಾತ್ರ ಇಲ್ಲ.

ಮದ್ದು ಬಂದದ್ದು ಬೇರೆ ರೋಗದ ಬಾಗಿಲಿಂದ. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮತ್ತು ಜೊತೆಯವರು, ಕೀಲುವಾತದಿಂದ ಮಂಚ ಹಿಡಿದಿದ್ದ ಹೆಂಗಸೊಬ್ಬಳಿಗೆ ಕಾರ್ಟಿಸೋನ್ ಚುಚ್ಚಿದರು. ಕೆಲವೇ ದಿನದಲ್ಲಿ ಅವಳು ನಡೆದಾಡಿದಳು. 1950ರಲ್ಲಿ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಅದೇ ಕುಲದ ಮಾತ್ರೆ ಈ ರೋಗಕ್ಕೂ ಹಿಡಿಯಿತು. ಅಂದರೆ ಯುರೋಪಿನಲ್ಲಿ ಹೆಸರು ಸಿಕ್ಕಿ ಅರ್ಧ ಶತಮಾನ ಕಳೆದ ಮೇಲೆ ಮದ್ದು. ನಮ್ಮಲ್ಲಿ ಎಣ್ಣೆ, ಬೇರು, ಮೈಗೆ ಒತ್ತುವ ಅನ್ನದ ಗಂಟು ಎಲ್ಲ ಇದ್ದು ಹೆಸರಿಲ್ಲ. ಹೆಸರಿಗೂ ಗುಣವಾಗುವುದಕ್ಕೂ ನಾವು ಅಂದುಕೊಂಡಷ್ಟು ಹತ್ತಿರದ ನಂಟಿಲ್ಲ.

ಪ್ರೆಡ್ನಿಸೊಲೋನ್ ಶುರುವಾಯಿತು. ಎರಡು ತಿಂಗಳಿಗೆ ತಂಗಿ ತಾನೇ ಜಡೆ ಹಾಕಿಕೊಂಡಳು. ಜೊತೆಗೆ ಮುಖ ಊದಿ ಚಂದ್ರನ ಹಾಗಾಯಿತು, ನಿದ್ದೆ ಹಾರಿತು, ಸಕ್ಕರೆ ಏರಿತು. ನೆಂಟರು ಸುಮ್ಮನಿರುತ್ತಾರೆಯೇ? ಯಾರೋ ಹೇಳಿದರೆಂದು ಬೇರೊಂದು ಊರಿನ ವೈದ್ಯರ ಹತ್ತಿರ ಹೋದೆವು. ಅವರು ನಾಡಿ ಹಿಡಿದ ಮರುಕ್ಷಣ ವಾತರಕ್ತ ಅಂದರು. ಒಂದಿಷ್ಟೂ ತಡವರಿಕೆ ಇರಲಿಲ್ಲ. ಇಂಗ್ಲಿಷ್ ಮಾತ್ರೆ ವಿಷ, ಇವತ್ತಿಂದ ಬಂದ್, ನಲವತ್ತೆಂಟು ದಿನದ ಕಷಾಯ ಅಂದರು. ಪಂಡಿತರ ತಡವರಿಕೆಯಿಂದ ಸೋತಿದ್ದ ನಮಗೆ ಆ ಗಟ್ಟಿ ದನಿ ಅಮೃತವಾಗಿ ಕೇಳಿತು. ಪಂಡಿತರಿಗೆ ಹೇಳದೆಯೇ ಮಾತ್ರೆ ನಿಲ್ಲಿಸಿದೆವು. ಆ ಕಷಾಯದ ಸಾಮಾನನ್ನು ನನ್ನ ಕೈಯಾರೆ ತೂಗಿ ಕಟ್ಟಿದೆ.

ಹತ್ತು ದಿನಕ್ಕೆ ಅವಳು ಅನ್ನ ನುಂಗಲಾರದೆ ಕೆಮ್ಮಿದಳು. ಹನ್ನೊಂದನೆಯ ದಿನ ಬಚ್ಚಲಲ್ಲಿ ಕುಸಿದಳು. ಗಂಟಲೂ ಮಾಂಸವೇ ತಾನೆ, ರೋಗ ಅಲ್ಲಿಗೂ ನುಗ್ಗಿತ್ತು. ಅದರ ಮೇಲೆ ಇನ್ನೊಂದು. ಈ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದ ಮೈಯಲ್ಲಿ ಮೂತ್ರಪಿಂಡದ ನೆತ್ತಿಯ ಮೇಲಿನ ಗ್ರಂಥಿ ತನ್ನ ಕೆಲಸ ಮರೆತು ಕೂತಿರುತ್ತದೆ. ಮೆಲ್ಲಮೆಲ್ಲಗೆ ಇಳಿಸಿದರೆ ಮಾತ್ರ ಅದು ಏಳುತ್ತದೆ. ಹಠಾತ್ತನೆ ನಿಲ್ಲಿಸಿದರೆ ಮೈ ಬರಿದಾಗಿ ಬೀಳುತ್ತದೆ. ದೊಡ್ಡಾಸ್ಪತ್ರೆಯಲ್ಲಿ ಮೂರು ವಾರ ಮೂಗಿಗೆ ನಳಿಗೆ ಹಾಕಿ ಉಳಿಸಿದರು. ಸುಳ್ಳು ಹೆಸರು ಏನು ಮಾಡಬಲ್ಲದೆಂದು ಅಲ್ಲಿಯ ಬೆಂಚಿನ ಮೇಲೆ ಕೂತು ಕಲಿತೆ. ಹೆಸರು ಬಂದೊಡನೆ ಯೋಚನೆ ನಿಂತುಬಿಡುತ್ತದೆ. ನಿಂತದ್ದು ಆ ವೈದ್ಯರದು ಮಾತ್ರವಲ್ಲ, ನಮ್ಮದೂ.

ಪಂಡಿತರು ಬೈಯಲಿಲ್ಲ. ಡಾಕ್ಟರರನ್ನು ತಾವೇ ಕಂಡು ಮಾತಾಡಿ ಬಂದರು. ಮಾತ್ರೆ ಡಾಕ್ಟರರದು, ಎಷ್ಟು ಯಾವಾಗ ಇಳಿಸಬೇಕೆಂಬುದು ಅವರ ಲೆಕ್ಕ. ಹೊಟ್ಟೆಗೆ ತಾವು ಏನೂ ಕೊಡುವುದಿಲ್ಲ. "ಒಂದೇ ಒಲೆ ಮೇಲೆ ಎರಡು ಪಾತ್ರೆ ಇಡಬಾರದಮ್ಮ" ಅಂದರು ತಂಗಿಗೆ. ಚರ್ಮ ಕೆಂಪಗೆ ಉರಿಯುತ್ತಿರುವಷ್ಟು ದಿನ ಎಣ್ಣೆಯನ್ನೂ ಮುಟ್ಟಿಸಲಿಲ್ಲ. ಮಾಂಸದ ಉರಿ ತಣಿದಿದೆ ಎಂದು ರಕ್ತಪರೀಕ್ಷೆ ಹೇಳಿ, ಡಾಕ್ಟರರೂ ಹೂಂ ಅಂದ ಮೇಲೆ ಬರೆದದ್ದು ಆ ಅಡ್ಡಗೆರೆಯ ಚೀಟಿ.

ಚೀಟಿಯಲ್ಲಿದ್ದ ಮೊದಲನೆಯದು ಪಿಂಡತೈಲ. ಮಂಜಿಷ್ಠ, ಸೊಗದೆ ಬೇರು, ರಾಳ, ಜೇನುಮೇಣ, ಎಳ್ಳೆಣ್ಣೆ. ಐದೂ ನಮ್ಮ ಬೀದಿಯ ಸಾಮಾನು. ಎರಡನೆಯದು ಕ್ಷೀರಬಲಾ. ಬಲಾ ಬೇರಿನ ಕಷಾಯ, ಅದೇ ಬೇರಿನ ಕಲ್ಕ, ಎಣ್ಣೆಯಷ್ಟೇ ಹಾಲು ಹಾಕಿ ಕಾಯಿಸುವ ತೈಲ. ನೂರು ಸಲವೋ ಸಾವಿರ ಸಲವೋ ಹೀಗೆ ಪಾಕ ಮಾಡು ಎನ್ನುತ್ತಾನೆ ವಾಗ್ಭಟ. ಕೇರಳದ ಔಷಧಶಾಲೆಗಳು ಇವತ್ತಿಗೂ ನೂರೊಂದು ಆವರ್ತಿಯ ಕ್ಷೀರಬಲಾ ಮಾರುತ್ತವೆ. ತಮಾಷೆಯೆಂದರೆ ಈ ಎರಡೂ ಶಾಸ್ತ್ರದಲ್ಲಿ ಬರುವುದು ವಾತರಕ್ತದ ಚಿಕಿತ್ಸೆಯಲ್ಲೇ! ಕೇಳಿದೆ. "ಎಣ್ಣೆ ತಗೊಂಡೆ, ಹೆಸರು ಅಲ್ಲೇ ಬಿಟ್ಟೆ" ಅಂದರು.

ಮೂರನೆಯದು ನವರ ಅಕ್ಕಿ. ಅರವತ್ತು ದಿನಕ್ಕೆ ಮಾಗುವ ಭತ್ತ, ಸಂಸ್ಕೃತದಲ್ಲಿ ಷಷ್ಟಿಕ. ಅರವತ್ತು ರಾತ್ರಿಯಲ್ಲಿ ಬೆಳೆಯುವುದರಿಂದ ಆ ಹೆಸರು ಬಂತೆಂದು ಹೇಳಲು ಪಾಣಿನಿ ಒಂದು ಸೂತ್ರವನ್ನೇ ಖರ್ಚು ಮಾಡಿದ್ದಾನೆ. ಕೇರಳದವರು ಅದನ್ನು ಬಿಡದೆ ಕಾಪಾಡಿಕೊಂಡರು, 2007-08ರಲ್ಲಿ ಜಿಐ ಮಾನ್ಯತೆಯನ್ನೂ ತಂದುಕೊಂಡರು. ನಮಗೆ ಆಗ ಪಾಲಕ್ಕಾಡಿನಿಂದ ಲಾರಿಯವರ ಕೈಯಲ್ಲಿ ಬರುತ್ತಿತ್ತು. ಬಲಾ ಬೇರಿನ ಕಷಾಯವನ್ನು ನಾಲ್ಕರಲ್ಲೊಂದು ಪಾಲಿಗೆ ಇಳಿಸಿ, ಅಷ್ಟೇ ಹಾಲು ಬೆರೆಸಿ, ಅದರಲ್ಲಿ ಅಕ್ಕಿಯನ್ನು ಪಾಯಸದಂತೆ ಬೇಯಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಮೈಗೆ ಎಣ್ಣೆ ಸವರಿದ ಮೇಲೆ ಬೆಚ್ಚಗೆ ಒತ್ತಿ ಎಳೆಯುವುದು. ಗಂಟು ತಣಿದರೆ ಮಿಕ್ಕ ಹಾಲುಕಷಾಯದಲ್ಲಿ ಅದ್ದುವುದು. ಕೇರಳದಲ್ಲಿ ಇದಕ್ಕೆ ಕಿಳಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅಮ್ಮ ಒಂದು ಪಕ್ಕ, ನನ್ನ ಹೆಂಡತಿ ಇನ್ನೊಂದು ಪಕ್ಕ. ಹದಿನಾಲ್ಕು ದಿನ, ದಿನಕ್ಕೆ ಮುಕ್ಕಾಲು ಗಂಟೆ. ಮನೆಯೆಲ್ಲ ಹಾಲನ್ನದ ವಾಸನೆ.

ಅನ್ನವನ್ನು ಹೊಟ್ಟೆಗೆ ಹಾಕದೆ ಮೈಗೆ ಬಳಿಯುವುದೇಕೆ ಎಂದು ಅಮ್ಮ ಕೇಳಿದ್ದಕ್ಕೆ ಪಂಡಿತರು ಒಂದು ಕಥೆಯನ್ನೇ ಬಿಚ್ಚಿದರು. ಮಾಂಸ ಬೆಳೆಯುವುದು ಮಾಂಸದಿಂದ ಎಂಬುದು ಚರಕನ ಲೆಕ್ಕ. ಕೃಶವಾದವನಿಗೆ ಮಾಂಸರಸ ಕೊಡು ಎನ್ನುತ್ತಾನೆ. ಆದರೆ ನಮ್ಮ ನಾಡಿನಲ್ಲಿ ಜೈನ ವೈದ್ಯರ ದೊಡ್ಡ ಪರಂಪರೆಯೊಂದಿತ್ತು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯ ಸಂಸ್ಕೃತದಲ್ಲಿ ಕಲ್ಯಾಣಕಾರಕ ಬರೆದ. ಮದ್ಯ, ಮಾಂಸ, ಜೇನು ಒಂದನ್ನೂ ಸೇರಿಸದ ವೈದ್ಯ. ಮಾಂಸದಿಂದ ಮದ್ದಿಲ್ಲ ಎಂದು ನೃಪತುಂಗನ ಸಭೆಯಲ್ಲಿ ವಾದಿಸಿದ ಭಾಗವೂ ಆ ಗ್ರಂಥದ ಕೊನೆಗಿದೆ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಅದೇ ದಾರಿಯ ಇನ್ನೊಂದು ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದ. ಮಾಂಸ ಬಿಟ್ಟ ಮನೆಗಳಲ್ಲಿ ಕರಗಿದ ಮೈಯನ್ನು ಏನು ಕೊಟ್ಟು ತುಂಬಿಸುವುದು ಎಂಬುದು ಆ ವೈದ್ಯರಿಗೆ ಊಟದ ಪ್ರಶ್ನೆಯಷ್ಟೇ ಅಲ್ಲ, ಧರ್ಮದ ಪ್ರಶ್ನೆ. "ನಿಮ್ಮದೂ ಶೆಟ್ಟರ ಮನೆ. ಮಾಂಸರಸ ಅಂದರೆ ನನ್ನನ್ನೇ ಓಡಿಸ್ತೀರಿ. ಅದಕ್ಕೇ ಹಾಲು, ಅಕ್ಕಿ" ಎಂದು ನಕ್ಕರು ಪಂಡಿತರು.

ಅನ್ನದ ಗಂಟಿನಿಂದ ತಂಗಿ ಗುಣವಾದಳು ಎಂದು ನಾನು ಹೇಳುವುದಿಲ್ಲ. ಬೆಂಕಿ ಆರಿಸಿದ್ದು ಮಾತ್ರೆ. ಆದರೆ ಆರಿದ ಮೇಲೆ ಸೆಟೆದ ತೋಳು ಸಡಿಲಿದ್ದು, ಒಣಗಿ ಬಿರಿದ ಚರ್ಮ ಮೆತ್ತಗಾದದ್ದು, ರಾತ್ರಿ ಅವಳು ನಿದ್ದೆ ಮಾಡಿದ್ದು ನಾವು ಕಂಡದ್ದು. ಮುಟ್ಟಿದರೆ ಬೆಚ್ಚುತ್ತಿದ್ದ ಮೈಯನ್ನು ದಿನಾ ಇಬ್ಬರು ಹೆಂಗಸರು ಮುಟ್ಟಿ ಪಳಗಿಸಿದರು. ಅದರಲ್ಲಿ ಬೇರಿನ ಪಾಲೆಷ್ಟು, ಅಮ್ಮನ ಕೈಯ ಪಾಲೆಷ್ಟು ಎಂದು ತೂಗುವ ತಕ್ಕಡಿ ನನ್ನ ಅಂಗಡಿಯಲ್ಲಿಲ್ಲ. ಎರಡು ವರ್ಷಕ್ಕೆ ಮಾತ್ರೆ ತಳಮಟ್ಟಕ್ಕೆ ಇಳಿಯಿತು. ಅವಳು ಬೋರ್ಡಿನ ನೆತ್ತಿಯಿಂದ ಬರೆದಳು.

2020ರಲ್ಲಿ ಕೊರೊನಾ ಬಂತು. ಅಮೃತಬಳ್ಳಿಗೆ ನಮ್ಮ ಅಂಗಡಿ ಮುಂದೆ ಸಾಲು. ರೋಗನಿರೋಧಕ ಶಕ್ತಿ ಹೆಚ್ಚುತ್ತದೆ ಎಂದು ಎಲ್ಲರ ಬಾಯಲ್ಲೂ ಒಂದೇ ಮಾತು. ತಂಗಿಯೂ ಫೋನ್ ಮಾಡಿದಳು, "ಅಣ್ಣಯ್ಯ, ನನಗೂ ಒಂದಿಷ್ಟು ಕಳಿಸು". ಪಂಡಿತರು ಆಗ ಇರಲಿಲ್ಲ, ಅವರ ಒಲೆಯ ಮಾತು ಇತ್ತು. ಕಾವಲು ಪಡೆ ಹುಚ್ಚೆದ್ದದ್ದೇ ಇವಳ ರೋಗ. ಅದರ ಕೈಗೆ ಇನ್ನೊಂದು ದೊಣ್ಣೆ ಕೊಡುವುದೇ? ಕಳಿಸಲಿಲ್ಲ. ಮರುವರ್ಷ, ಅಮೃತಬಳ್ಳಿ ಸೇವಿಸಿ ಪಿತ್ತಜನಕಾಂಗ ಕೆಟ್ಟ ಆರು ಜನರ ವರದಿಯನ್ನು ಮುಂಬಯಿಯ ವೈದ್ಯರು ಪ್ರಕಟಿಸಿದರು. ಕೆಲವರಲ್ಲಿ ಅದು ಮೈ ತನ್ನ ಮೇಲೇ ತಿರುಗಿಬಿದ್ದಂಥ ಉರಿಯೂತವಾಗಿತ್ತು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ವಾದ ನಡೆಯಿತು. ವಾತರಕ್ತ ಎಂದೊಡನೆ ಯಾವ ವೈದ್ಯನ ಬಾಯಿಗೂ ಮೊದಲು ಬರುವ ಮೂಲಿಕೆ ಅಮೃತಬಳ್ಳಿ. 1989ರ ಚೀಟಿಯನ್ನು ಆಗ ಮತ್ತೆ ತೆಗೆದು ನೋಡಿದೆ. ವಾತರಕ್ತದ ಎಣ್ಣೆಗಳೆರಡೂ ಇವೆ, ಅಮೃತಬಳ್ಳಿ ಇಲ್ಲ. ಪಂಡಿತರು ಹೆಸರು ಬಿಟ್ಟೆ ಅಂದದ್ದು ಇದನ್ನೇ. ಆ ಹೆಸರು ಬರೆದಿದ್ದರೆ ಅದರ ಹಿಂದೆಯೇ ಬಳ್ಳಿಯೂ ಬರುತ್ತಿತ್ತು.

2024ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಆಯುರ್ವೇದ, ಸಿದ್ಧ, ಯುನಾನಿಯ ರೋಗನಾಮಗಳಿಗೂ ಸಂಕೇತ ಸಂಖ್ಯೆಗಳ ಒಂದು ಭಾಗವನ್ನು ಸೇರಿಸಿತು. ಮಾಧವಕರನ ಆಮವಾತಕ್ಕೆ ಈಗ ನಂಬರು. ಒಳ್ಳೆಯದೇ, ಲೆಕ್ಕ ಇಡಲು ಬೇಕು. ಅದೇ ವರ್ಷ ಒಬ್ಬ ಹುಡುಗಿ ಅಂಗಡಿಗೆ ಬಂದಳು, ಆಯುರ್ವೇದದಲ್ಲಿ ಎಂ.ಡಿ. ಮುಗಿಸಿ ಹೊಸದಾಗಿ ಚಿಕಿತ್ಸೆ ಶುರುಮಾಡಿದ ವೈದ್ಯೆ. ಪಿಂಡತೈಲದ ಸಾಮಾನು, ಬಲಾ ಬೇರು, ನವರ ಅಕ್ಕಿ ಬೇಕಂತೆ. ಪಟ್ಟಿ ಓದುತ್ತಲೇ ನನ್ನ ಕೈ ನಿಂತಿತು. ರೋಗದ ಜಾಗದಲ್ಲಿ ಡರ್ಮಟೋಮಯೋಸೈಟಿಸ್ ಎಂದು ಕನ್ನಡದಲ್ಲಿ ಬರೆದಿದ್ದಳು. ಅದರ ಕೆಳಗೆ ಕೆಂಪು ಶಾಯಿಯಲ್ಲಿ, ಪ್ರೆಡ್ನಿಸೊಲೋನ್ ನಡೆಯುತ್ತಿದೆ, ನಿಲ್ಲಿಸಕೂಡದು.

"ವಾತರಕ್ತ ಅಂತ ಬರೀಲಿಲ್ವೇನಮ್ಮ?" ಎಂದು ಕೇಳಿದೆ.

"ಅದಲ್ವಲ್ಲ ಅಂಕಲ್" ಅಂದಳು.

ಸಾಮಾನು ಕಟ್ಟಿಕೊಟ್ಟು ಚೀಟಿಯನ್ನು ಇಸಕೊಂಡೆ. ಈಗಿನವರು ಚೀಟಿ ಬಿಟ್ಟುಹೋಗುವುದಿಲ್ಲ, ಮೊಬೈಲಿನಲ್ಲಿ ಇರುತ್ತದೆ. ಇವಳು ಕೇಳಿದ್ದಕ್ಕೆ ಕೊಟ್ಟಳು. ಕೊಂಡಿಗೆ ಚುಚ್ಚಲಿಲ್ಲ. ಅಟ್ಟದಿಂದ 1989ರ ಕಟ್ಟು ಇಳಿಸಿ, ದಾರ ಬಿಚ್ಚಿ, ಅಡ್ಡಗೆರೆಯ ಚೀಟಿಯ ಮೇಲಿಟ್ಟು ಮತ್ತೆ ಕಟ್ಟಿದೆ.